ಅಂಡಾಶಯದ ಗಡ್ಡೆ: ನಿರ್ಣಯವು ಮೊದಲು, ಚಿಕಿತ್ಸೆಯು ಆಮೇಲೆ

ಗೃಹಸ್ಥನಾದವನು ತನ್ನ ಮನೆಯ ಆಯವ್ಯಯವನ್ನು ಬಲ್ಲಷ್ಟು ತನ್ನ ಮನೆಯ ಹೆಂಗಸರ ದೇಹಸ್ಥಿತಿಯನ್ನು ಬಲ್ಲವನಲ್ಲ. ಅವರು ಹೇಳುವುದಿಲ್ಲ, ಇವನು ಕೇಳುವುದಿಲ್ಲ. ಈ ಮೌನವನ್ನು ನಾವು ಮರ್ಯಾದೆಯೆಂದು ಕರೆದುಕೊಂಡು ಬಂದಿದ್ದೇವೆ. ಹೊಟ್ಟೆಯ ಕೆಳಭಾಗದ ರೋಗಗಳನ್ನು ಕುರಿತು ಕುಟುಂಬದ ಪತ್ರಿಕೆಯಲ್ಲಿ ಬರೆಯಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. ನಾವು ಈ ತಿಂಗಳು ಏತಕ್ಕೆ ಬರೆಯಬೇಕಾಯಿತೆಂಬುದನ್ನು ಪೂರ್ತಿಯಾಗಿ ಓದಿದ ಮೇಲೆ ಅವರೇ ತೀರ್ಪು ಹೇಳಲಿ.

ಕಳೆದ ಯುಗಾದಿಯಾಗಿ ಒಂದು ವಾರವಾಗಿತ್ತು. ಭದ್ರಾವತಿಯ ನಮ್ಮ ಹಳೆಯ ಸ್ನೇಹಿತರೊಬ್ಬರು ಬೆಳಗಿನ ಮೊದಲ ಬಸ್ಸಿಗೇ ಶಿವಮೊಗ್ಗೆಗೆ ಬಂದು ನಮ್ಮ ಮನೆಯ ಜಗಲಿಯಲ್ಲಿ ಕುಳಿತರು. ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ವಿಶ್ರಾಂತಿ ಪಡೆದವರು, ಸುಲಭವಾಗಿ ಎದೆಗುಂದುವವರಲ್ಲ. ಅಂದು ಮಾತ್ರ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಕುಡಿಯುವುದನ್ನೇ ಮರೆತಿದ್ದರು.

“ಮೇಷ್ಟರೇ, ನಮ್ಮ ಸೊಸೆಯ ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ. ನಿಮ್ಮ ಅಕ್ಕನವರಿಗೂ ಇದೇ ಅಲ್ಲವೆ ಆದದ್ದು?” ಎಂದರು.

ಹುಡುಗಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಎರಡು ವರ್ಷ. ಮೂತ್ರದ ಉರಿಗಾಗಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಬಲಗಡೆಯ ಅಂಡಾಶಯದಲ್ಲಿ 4.6 ಸೆಂಟಿಮೀಟರಿನ ನೀರುಗುಳ್ಳೆಯೊಂದು ಆಕಸ್ಮಿಕವಾಗಿ ಕಂಡಿತ್ತು. ವರದಿಯ ಹಾಳೆಯನ್ನು ಕಂಡ ಕ್ಷಣದಿಂದ ಅತ್ತೆಯು ಊಟ ಬಿಟ್ಟಿದ್ದರು. ನೆರೆಯವರೊಬ್ಬರು “ಕೂಡಲೆ ಕೊಯ್ಯಿಸಿ ತೆಗೆಸಿಬಿಡಿ” ಎಂದರೆ, ಮತ್ತೊಬ್ಬರು “ಆ ಅಂಡಾಶಯವನ್ನೇ ತೆಗೆಸಿಬಿಟ್ಟರೆ ಮುಂದೆ ಚಿಂತೆಯಿಲ್ಲ” ಎಂದಿದ್ದರಂತೆ. ಇನ್ನೂ ಮಕ್ಕಳಾಗದ ಹುಡುಗಿ ಇವೆಲ್ಲವನ್ನೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ನಮ್ಮ ಸ್ನೇಹಿತರು ನಮ್ಮ ಅಕ್ಕನ ಹೆಸರೆತ್ತಿದ್ದು ನಮ್ಮನ್ನು ಚುಚ್ಚಬೇಕೆಂದಲ್ಲ. ಆದರೂ ಅದು ಚುಚ್ಚಿತು. ಅಕ್ಕನು ವೈಧವ್ಯ ಬಂದಂದಿನಿಂದ ನಮ್ಮೊಡನೆಯೇ ಇದ್ದವಳು. ಅವಳ ಅರವತ್ತಮೂರನೆಯ ವಯಸ್ಸಿನಲ್ಲಿ, ಒಂದು ನವರಾತ್ರಿಯ ಕಾಲದಲ್ಲಿ, “ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತದೆ, ಸೀರೆ ಸೊಂಟದಲ್ಲಿ ಬಿಗಿಯುತ್ತದೆ” ಎಂದು ಹೇಳಿದಳು. ನಾವು ಅದನ್ನು ವಾಯುವೆಂದು ನಿಶ್ಚಯಿಸಿದೆವು. ಓಮದ ಕಷಾಯ, ಜೀರಿಗೆಯ ನೀರು, ಹಿಂಗ್ವಷ್ಟಕ ಚೂರ್ಣ, ಹೀಗೆ ನಾಲ್ಕು ತಿಂಗಳು ಕಳೆದವು. ಆಗಾಗ ಎದ್ದು ಬಚ್ಚಲಿಗೆ ಹೋಗುತ್ತಿದ್ದುದನ್ನು ವಯೋಧರ್ಮವೆಂದೆವು. ಕೊನೆಗೆ ಹೊಟ್ಟೆಯುಬ್ಬರವು ಹೊರಗೇ ಕಾಣುವಂತಾದಾಗ ಸ್ಕ್ಯಾನಿಂಗ್ ಮಾಡಿಸಿದೆವು. ಎರಡು ಅಂಡಾಶಯಗಳಲ್ಲಿಯೂ ಗಡ್ಡೆಗಳಿದ್ದವು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯೂ ಔಷಧಚಿಕಿತ್ಸೆಯೂ ಆದ ಮೇಲೆ ಎರಡೂವರೆ ವರ್ಷ ನಮ್ಮೊಡನಿದ್ದು ತೀರಿಕೊಂಡಳು.

ಒಂದು ಮನೆಯಲ್ಲಿ ಹೆದರಬೇಕಾದುದಕ್ಕೆ ಹೆದರಲಿಲ್ಲ. ಇನ್ನೊಂದು ಮನೆಯಲ್ಲಿ ಹೆದರಬಾರದುದಕ್ಕೆ ಹೆದರಿ ಕತ್ತಿಯನ್ನು ಕರೆಯಹೊರಟಿದ್ದರು. ಎರಡು ತಪ್ಪುಗಳಿಗೂ ಬೇರೊಂದೇ: ನಮ್ಮ ಮಾತಿನಲ್ಲಿ ಎರಡಕ್ಕೂ ‘ಗಡ್ಡೆ’ ಎಂಬ ಒಂದೇ ಹೆಸರು.

ತರ್ಕಶಾಸ್ತ್ರವನ್ನು ಓದುವ ಬಾಲಕರಿಗೆ ಸಂಶಯವೆಂದರೇನೆಂದು ತಿಳಿಸಲು ಹೇಳುವ ಒಂದು ಹಳೆಯ ದೃಷ್ಟಾಂತವುಂಟು. ಮುಸ್ಸಂಜೆಯಲ್ಲಿ ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ. ಅದು ಮೋಟುಮರವೋ ಮನುಷ್ಯನೋ ತಿಳಿಯದು. ಎತ್ತರವು ಎರಡಕ್ಕೂ ಸಮಾನ. ಕೈಕಾಲುಗಳು ಕಂಡರೆ ಮನುಷ್ಯನೆಂದೂ, ಪೊಟರೆ ಕೊಂಬೆಗಳು ಕಂಡರೆ ಮರವೆಂದೂ ನಿಶ್ಚಯವಾಗುತ್ತದೆ. ಸಮಾನಧರ್ಮದಿಂದ ಸಂಶಯ, ವಿಶೇಷಧರ್ಮದ ದರ್ಶನದಿಂದ ನಿರ್ಣಯ. ಅಂಡಾಶಯದ ಗಡ್ಡೆಯ ವಿಷಯದಲ್ಲಿಯೂ ವೈದ್ಯರು ಮಾಡುವುದು ಇದನ್ನೇ. ನಾವು ವೈದ್ಯರಲ್ಲ; ಅಕ್ಕನ ಕಾಯಿಲೆಯ ಕಾಲದಲ್ಲಿ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಪಾಠ ಹೇಳುವವನ ಕ್ರಮದಲ್ಲಿ ಇಲ್ಲಿ ಒಪ್ಪಿಸುತ್ತೇವೆ.

ಮೊದಲು ಇದರ ಉತ್ಪತ್ತಿಯನ್ನು ತಿಳಿಯೋಣ. ಮುಟ್ಟಾಗುವ ಪ್ರಾಯದ ಸ್ತ್ರೀಯ ಅಂಡಾಶಯದಲ್ಲಿ ಪ್ರತಿ ತಿಂಗಳೂ ಒಂದು ಸಣ್ಣ ಚೀಲ ಬೆಳೆಯುತ್ತದೆ. ಅದು ಸುಮಾರು ಎರಡು ಸೆಂಟಿಮೀಟರಿಗೆ ಬಂದಾಗ ಒಡೆದು ಅಂಡವನ್ನು ಹೊರಗೆ ಬಿಡುತ್ತದೆ. ಕೆಲವು ತಿಂಗಳು ಅದು ಒಡೆಯದೆ ನೀರು ತುಂಬಿಕೊಂಡು ಬೆಳೆಯುತ್ತದೆ. ಕೆಲವು ವೇಳೆ ಒಡೆದ ಚೀಲವೇ ಮತ್ತೆ ಮುಚ್ಚಿಕೊಂಡು ಹಿಗ್ಗುತ್ತದೆ. ಇದು ದೇಹದ ಸಹಜ ವ್ಯಾಪಾರದ ಶೇಷವೇ ಹೊರತು ರೋಗವಲ್ಲ. ಒಂದೆರಡು, ಹೆಚ್ಚೆಂದರೆ ಮೂರು ಮುಟ್ಟುಗಳ ಅವಧಿಯಲ್ಲಿ ಬಹುಮಟ್ಟಿಗೆ ತಾನಾಗಿ ಇಂಗಿಹೋಗುತ್ತದೆ. ಇದನ್ನು ಬೇಗ ಕರಗಿಸುವುದಕ್ಕೆಂದು ಹಾರ್ಮೋನಿನ ಮಾತ್ರೆ ಕೊಟ್ಟರೂ ಹೆಚ್ಚಿನ ಪ್ರಯೋಜನವಿಲ್ಲವೆಂದು ಪರೀಕ್ಷಿಸಿ ಕಂಡಿದ್ದಾರೆ.

ತಾನಾಗಿ ಹೋಗದ, ಆದರೂ ಸೌಮ್ಯವಾದ ಗಡ್ಡೆಗಳು ಬೇರೆ ಉಂಟು. ಡರ್ಮಾಯ್ಡ್ ಎಂಬುದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಸಹ ಇರುತ್ತದೆ. ಇದನ್ನು ಕೇಳಿ ಮಾಟವೆಂದೋ ಗ್ರಹಚಾರವೆಂದೋ ಯಾರೂ ಭಾವಿಸತಕ್ಕದ್ದಲ್ಲ. ಎಲ್ಲ ಬಗೆಯ ಅಂಗಾಂಶಗಳಾಗಿ ಬೆಳೆಯುವ ಶಕ್ತಿಯು ಅಂಡದ ಮೂಲಕಣಕ್ಕೆ ಸ್ವಭಾವತಃ ಇರುವುದೇ ಇದಕ್ಕೆ ಕಾರಣ. ಗರ್ಭಕೋಶದ ಒಳಪದರದಂತಹ ಪದರವು ಅಂಡಾಶಯದಲ್ಲಿ ಬೆಳೆದು, ಹಳೆಯ ರಕ್ತವು ಕಂದುಬಣ್ಣದ ಪಾಕದಂತೆ ತುಂಬಿಕೊಳ್ಳುವ ಮತ್ತೊಂದು ಬಗೆಯಿದೆ. ಅದಕ್ಕೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಈಚೆಗೆ ಹುಡುಗಿಯರಲ್ಲಿ ಬಹಳವಾಗಿ ಕೇಳಿಬರುವ ಪಿ.ಸಿ.ಓ.ಡಿ. ಎಂಬುದು ಇವೆಲ್ಲಕ್ಕಿಂತ ಬೇರೆ. ಅಲ್ಲಿ ಕಾಣುವವು ಬೆಳೆಯದೆ ನಿಂತ ಸಣ್ಣ ಸಣ್ಣ ಅಂಡಚೀಲಗಳು, ಗಡ್ಡೆಗಳಲ್ಲ.

ಇವುಗಳ ನಡುವೆ ಅರ್ಬುದವು, ಎಂದರೆ ಕ್ಯಾನ್ಸರು, ಅಡಗಿರಬಹುದು. ನಮ್ಮ ದೇಶದ ಸ್ತ್ರೀಯರಲ್ಲಿ ಸ್ತನದ ಮತ್ತು ಗರ್ಭಕೊರಳಿನ ಅರ್ಬುದಗಳ ತರುವಾಯ ಹೆಚ್ಚಾಗಿ ಕಾಣುವುದು ಅಂಡಾಶಯದ್ದು. ಆರಂಭದಲ್ಲಿ ನೋವಿಲ್ಲ, ಇರುವ ಲಕ್ಷಣಗಳೂ ಅಜೀರ್ಣವನ್ನು ಹೋಲುತ್ತವೆ. ಆದಕಾರಣ ಬಹುಮಂದಿಯಲ್ಲಿ ಇದು ಹರಡಿದ ಮೇಲೆಯೇ ತಿಳಿಯುತ್ತದೆ.

ಹಾಗಾದರೆ ಮರವನ್ನೂ ಮನುಷ್ಯನನ್ನೂ ಬೇರ್ಪಡಿಸುವ ಗುರುತುಗಳಾವುವು? ನಮ್ಮ ಪ್ರಾಚೀನ ವೈದ್ಯರು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರರಿಂದ ಪರೀಕ್ಷಿಸಬೇಕೆಂದರು. ಇಂದಿನ ವೈದ್ಯರ ಕ್ರಮವೂ ಅದೇ. ದರ್ಶನಕ್ಕೆ ಯಂತ್ರವು ಸೇರಿದೆ.

ಪ್ರಶ್ನದಲ್ಲಿ ಮೊದಲನೆಯದು ವಯಸ್ಸು, ಅದಕ್ಕಿಂತಲೂ ಮುಖ್ಯವಾಗಿ ಮುಟ್ಟು ನಿಂತಿದೆಯೆ ಎಂಬುದು. ಮುಟ್ಟು ನಿಂತವರಲ್ಲಿ ಅಂಡಾಶಯವು ಕೆಲಸ ನಿಲ್ಲಿಸಿ ಕುಗ್ಗಿರಬೇಕು. ಅಲ್ಲಿ ಹೊಸದಾಗಿ ಗಡ್ಡೆ ಕಂಡರೆ ಅದಕ್ಕೆ ಉತ್ತರ ಹುಡುಕಲೇಬೇಕು. ಎರಡನೆಯದು, ಹೊಟ್ಟೆಯುಬ್ಬರ, ಬೇಗನೆ ಹೊಟ್ಟೆ ತುಂಬುವುದು, ಕೆಳಹೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಹೋಗುವುದು, ಈ ನಾಲ್ಕರಲ್ಲಿ ಯಾವುದಾದರೂ ಹೊಸದಾಗಿ ತೊಡಗಿ ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚಾಗಿ ಕಾಡುತ್ತಿದೆಯೆ ಎಂಬುದು. ಐವತ್ತು ದಾಟಿದವರಲ್ಲಿ ಇದು ಬಹು ಮುಖ್ಯ. ಮೂರನೆಯದು, ತಾಯಿ, ಅಕ್ಕತಂಗಿ, ಚಿಕ್ಕಮ್ಮ ದೊಡ್ಡಮ್ಮ ಸೋದರತ್ತೆಯರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಅರ್ಬುದ ಬಂದಿತ್ತೆ ಎಂಬುದು. ಮನೆತನದಲ್ಲಿ ಹರಿದುಬರುವ ದೋಷವು ತಂದೆಯ ಕಡೆಯಿಂದಲೂ ಬರಬಹುದು.

ಸ್ಪರ್ಶನದಲ್ಲಿ, ಗಡ್ಡೆಯು ಒಂದೇ ಕಡೆಯೋ ಎರಡೂ ಕಡೆಯೋ, ಕೈಗೆ ಜಾರುವುದೋ ಅಂಟಿಕೊಂಡಿದೆಯೋ, ನುಣುಪೋ ಗಂಟುಗಂಟೋ ಎಂಬುದನ್ನು ನೋಡುತ್ತಾರೆ. ಕೈಯಿಂದ ಮಾತ್ರವೇ ತೀರ್ಮಾನವಾಗದು. ಸಣ್ಣ ಗಡ್ಡೆಯು ಕೈಗೆ ಸಿಕ್ಕುವುದೂ ಇಲ್ಲ.

ಇನ್ನು ದರ್ಶನ. ಇಲ್ಲಿ ಭದ್ರಾವತಿಯ ನಮ್ಮ ಸ್ನೇಹಿತರಿಗೆ ನಾವು ಹೇಳಿದ ಕಥೆಯನ್ನೇ ವಾಚಕರಿಗೂ ಹೇಳುತ್ತೇವೆ. 1923ರಲ್ಲಿ ಕೆಲಸಕ್ಕೆ ತೊಡಗಿದ ಕಬ್ಬಿಣದ ಕಾರ್ಖಾನೆಯ ಊರಿನವರಿಗೆ ಅದು ಬೇಗನೆ ಮನಸ್ಸಿಗೆ ಹತ್ತುತ್ತದೆ. ಉಕ್ಕಿನ ಒಳಗೆ ಬಿರುಕಿದೆಯೆ ಎಂದು ತಿಳಿಯಲು ಅದನ್ನು ಒಡೆದು ನೋಡಬೇಕಾಗಿಲ್ಲ. ಕಿವಿಗೆ ಕೇಳಿಸದ ಸೂಕ್ಷ್ಮ ಶಬ್ದವನ್ನು ಹಾಯಿಸಿ, ಹಿಂದಿರುಗುವ ಪ್ರತಿಧ್ವನಿಯನ್ನು ನೋಡಿದರೆ ಸಾಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ತ್ರೀರೋಗವೈದ್ಯ ಇಯನ್ ಡೊನಾಲ್ಡ್ ಎಂಬವರು 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಕಾರಿನಲ್ಲಿಟ್ಟುಕೊಂಡು, ಬಾಯ್ಲರು ತಯಾರಿಸುವ ಒಂದು ಕಾರ್ಖಾನೆಗೆ ಹೋದರು. ಅಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಅವುಗಳ ಮೇಲಿಟ್ಟು ನೋಡಿದಾಗ, ಗಟ್ಟಿಯಾದ ಗಡ್ಡೆಯ ಪ್ರತಿಧ್ವನಿ ಒಂದು ಬಗೆ, ನೀರುಗುಳ್ಳೆಯದು ಇನ್ನೊಂದು ಬಗೆ ಎಂದು ಸ್ಪಷ್ಟವಾಗಿ ಕಂಡಿತು.

ಅನಂತರ ನಡೆದುದು ಇನ್ನೂ ಮನನೀಯವಾದುದು. ಹೊಟ್ಟೆ ಉಬ್ಬಿದ ಸ್ತ್ರೀಯೊಬ್ಬಳಿಗೆ ಜಠರದ ಅರ್ಬುದವೆಂದೂ, ಶಸ್ತ್ರಚಿಕಿತ್ಸೆಯಿಂದ ಫಲವಿಲ್ಲವೆಂದೂ ತೀರ್ಮಾನವಾಗಿತ್ತು. ಡೊನಾಲ್ಡರು ತಮ್ಮ ಯಂತ್ರವನ್ನಿಟ್ಟು ನೋಡಿದರೆ ಅದು ದೊಡ್ಡದೊಂದು ನೀರುಗುಳ್ಳೆಯಂತೆ ಕಂಡಿತು. ತೆರೆದು ನೋಡಲಾಗಿ ಅದು ಅಂಡಾಶಯದ ಸೌಮ್ಯವಾದ ಗುಳ್ಳೆ! ಅದನ್ನು ತೆಗೆದರು, ಆಕೆ ಬದುಕಿದಳು. 1958ರಲ್ಲಿ ಅವರೂ ಅವರ ಸಂಗಡಿಗರೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿದ್ಯೆ ಲೋಕಕ್ಕೆ ಹರಡಿತು. ನಮ್ಮ ಮನೆಯಲ್ಲಿ ಅರ್ಬುದವನ್ನು ವಾಯುವೆಂದೆವು. ಅಲ್ಲಿ ನೀರುಗುಳ್ಳೆಯನ್ನು ಅರ್ಬುದವೆಂದಿದ್ದರು. ಪರೀಕ್ಷೆಯಿಲ್ಲದ ನಿಶ್ಚಯವು ಎರಡು ಕಡೆಗೂ ಕೊಲ್ಲಬಲ್ಲದು.

ಈಗಿನ ಸ್ಕ್ಯಾನಿಂಗಿನಲ್ಲಿ ನೋಡತಕ್ಕ ಗುರುತುಗಳನ್ನು 2008ರಲ್ಲಿ ಯೂರೋಪಿನ ಹಲವು ದೇಶಗಳ ವೈದ್ಯರು ಕೂಡಿ ಹತ್ತು ಸರಳ ನಿಯಮಗಳಾಗಿ ಅಡಕಗೊಳಿಸಿದರು. ಐದು ಸೌಮ್ಯಕ್ಕೆ, ಐದು ಘೋರಕ್ಕೆ. ಒಂದೇ ಕೋಣೆಯ ತೆಳ್ಳನೆಯ ಚೀಲ, ಒಳಗೆ ಗಟ್ಟಿಯಾದ ಭಾಗವಿಲ್ಲದಿರುವುದು, ರಕ್ತಸಂಚಾರವಿಲ್ಲದಿರುವುದು ಇವು ಸೌಮ್ಯದ ಕಡೆಗೆ ಸಾಕ್ಷಿ. ಅಂಕುಡೊಂಕಾದ ಗಟ್ಟಿ ಗಡ್ಡೆ, ಗೋಡೆಯಿಂದ ಒಳಗೆ ಚಾಚಿದ ನಾಲ್ಕು ಅಥವಾ ಹೆಚ್ಚು ಮೊಳಕೆಗಳು, ಬಲವಾದ ರಕ್ತಸಂಚಾರ, ಹೊಟ್ಟೆಯಲ್ಲಿ ನೀರು ಇವು ಘೋರದ ಕಡೆಗೆ ಸಾಕ್ಷಿ. ಗಾತ್ರವೊಂದೇ ತೀರ್ಪಲ್ಲ: ಕುಂಬಳದಷ್ಟಿರುವುದು ಸೌಮ್ಯವಿರಬಹುದು, ನಿಂಬೆಯಷ್ಟಿರುವುದು ಘೋರವಿರಬಹುದು.

ಇದಕ್ಕೆ ರಕ್ತಪರೀಕ್ಷೆಯೊಂದು ಸೇರುತ್ತದೆ. 1981ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಕಂಡುಹಿಡಿದ ಸಿ.ಎ. 125 ಎಂಬುದರ ಪ್ರಮಾಣವು ಸಾಮಾನ್ಯವಾಗಿ 35ರ ಒಳಗಿರುತ್ತದೆ. ಆದರೆ ಇದನ್ನೊಂದನ್ನೇ ನಂಬಿ ಅಳುವುದೂ ತಪ್ಪು, ನಗುವುದೂ ತಪ್ಪು. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಚಾಕೊಲೇಟ್ ಸಿಸ್ಟಿನಲ್ಲಿ, ಹೊಟ್ಟೆಯ ಕ್ಷಯದಲ್ಲಿ ಸಹ ಇದು ಏರುತ್ತದೆ. ಹೊಟ್ಟೆಯ ಕ್ಷಯವಂತೂ ಉಬ್ಬರ, ನೀರು, ಏರಿದ ಅಂಕೆ ಎಲ್ಲದರಲ್ಲಿಯೂ ಅರ್ಬುದದ ವೇಷವನ್ನೇ ಧರಿಸುತ್ತದೆ. ಅದಕ್ಕೆ ಮದ್ದೇ ಬೇರೆ. ಮತ್ತೊಂದು ಕಡೆ, ಆರಂಭದ ಹಂತದಲ್ಲಿರುವ ಅರ್ಬುದದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಅಂಕೆ ಏರಿರುವುದಿಲ್ಲ. ಎಳೆಯ ಹುಡುಗಿಯರಲ್ಲಿ ಗಟ್ಟಿ ಗಡ್ಡೆ ಕಂಡರೆ ಬೇರೆ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ.

ಆದಕಾರಣ 1990ರಲ್ಲಿ ಲಂಡನ್ನಿನ ವೈದ್ಯರು ಸಾಕ್ಷಿಗಳನ್ನು ಒಟ್ಟುಗೂಡಿಸಿ ಒಂದು ಗುಣಾಕಾರವನ್ನು ರಚಿಸಿದರು. ಸ್ಕ್ಯಾನಿಂಗಿನಲ್ಲಿ ಹಲವು ಕೋಣೆಗಳು, ಗಟ್ಟಿಭಾಗ, ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆಡೆಗೆ ಹರಡಿದ ಗುರುತು ಈ ಐದರಲ್ಲಿ ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ನಿಲ್ಲದವರಿಗೆ 1, ನಿಂತವರಿಗೆ 3. ಇವೆರಡನ್ನೂ ಸಿ.ಎ. 125ರ ಅಂಕೆಯಿಂದ ಗುಣಿಸುವುದು. ಲಬ್ಧವು 200ನ್ನು ದಾಟಿದರೆ ಅರ್ಬುದದ ಶಂಕೆ ಬಲವಾದುದೆಂದು ತಿಳಿದು, ಅದರಲ್ಲಿ ನುರಿತ ಶಸ್ತ್ರವೈದ್ಯರ ಬಳಿಗೆ ಕಳುಹಿಸತಕ್ಕದ್ದು. ನಮ್ಮ ಅಕ್ಕನ ರಕ್ತದ ಅಂಕೆ 310. ಮೂರು ಮೂರಲ ಒಂಬತ್ತು, ಒಂಬತ್ತರಿಂದ ಗುಣಿಸಿದರೆ 2790. ಸ್ನೇಹಿತರ ಸೊಸೆಯದೋ ಮೊದಲ ಸ್ಥಾನದಲ್ಲಿಯೇ ಸೊನ್ನೆ. ಅಂತಹ ಎಳೆವಯಸ್ಸಿನ ಸರಳ ಗುಳ್ಳೆಗೆ ರಕ್ತಪರೀಕ್ಷೆಯೂ ಬೇಕಾಗಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ನಮಗೆ ಈ ಲೆಕ್ಕವೇನೂ ಕಷ್ಟವಲ್ಲ. ಆದರೆ ಅಕ್ಕನ ಲೆಕ್ಕವನ್ನು ನಾಲ್ಕು ತಿಂಗಳು ತಡವಾಗಿ ಮಾಡಿದೆವು.

ನಿರ್ಣಯವಾದ ಮೇಲೆ ಚಿಕಿತ್ಸೆಯ ದಾರಿ ತಾನಾಗಿ ಕವಲೊಡೆಯುತ್ತದೆ. ಮುಟ್ಟಾಗುವ ಪ್ರಾಯದಲ್ಲಿ 5 ಸೆಂಟಿಮೀಟರಿನೊಳಗಿನ ಸರಳ ಗುಳ್ಳೆಗೆ ಸಾಮಾನ್ಯವಾಗಿ ಏನನ್ನೂ ಮಾಡಬೇಕಾಗಿಲ್ಲ. 5ರಿಂದ 7ರವರೆಗೆ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್. 7ನ್ನು ಮೀರಿದರೆ ಎಂ.ಆರ್.ಐ. ಅಥವಾ ಶಸ್ತ್ರಚಿಕಿತ್ಸೆಯ ವಿಚಾರ. ಮುಟ್ಟು ನಿಂತವರಲ್ಲಿಯೂ ಒಂದೇ ಕೋಣೆಯ, 5 ಸೆಂಟಿಮೀಟರಿನೊಳಗಿನ ಗುಳ್ಳೆಯಿದ್ದು ರಕ್ತದ ಅಂಕೆ ಸರಿಯಾಗಿದ್ದರೆ, ನಾಲ್ಕರಿಂದ ಆರು ತಿಂಗಳು ಬಿಟ್ಟು ಮತ್ತೆ ನೋಡಬಹುದು. ತೆಗೆಯಬೇಕಾದ ಸೌಮ್ಯ ಗಡ್ಡೆಯನ್ನು ಎಳೆಯರಲ್ಲಿ ಸಣ್ಣ ರಂಧ್ರಗಳ ಮೂಲಕ, ಸಾಧ್ಯವಾದಷ್ಟು ಅಂಡಾಶಯವನ್ನು ಉಳಿಸಿ, ಗುಳ್ಳೆಯನ್ನು ಮಾತ್ರ ಬಿಡಿಸಿ ತೆಗೆಯುತ್ತಾರೆ.

ಶಂಕೆಯಿದ್ದಲ್ಲಿ ಮಾತ್ರ ವಿಧಿಯೇ ಬೇರೆ. ಅಂತಹ ಗುಳ್ಳೆಗೆ ಸೂಜಿ ಚುಚ್ಚಿ ನೀರು ತೆಗೆಸತಕ್ಕದ್ದಲ್ಲ. ಚೀಲವು ಒಡೆದು ಒಳಗಿನ ಕಣಗಳು ಹೊಟ್ಟೆಯಲ್ಲಿ ಚೆಲ್ಲಿದರೆ, ಒಂದೇ ಕಡೆ ಕಟ್ಟಿಕೊಂಡಿದ್ದ ರೋಗವು ಮುಂದಿನ ಹಂತಕ್ಕೆ ಹೋದಂತೆಯೇ ಲೆಕ್ಕ. ಅದನ್ನು ಇಡಿಯಾಗಿ ತೆಗೆದು, ರೋಗಿಯು ಮೇಜಿನ ಮೇಲಿರುವಾಗಲೇ ಒಂದು ತುಣುಕನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಏರ್ಪಾಡುಳ್ಳ ಆಸ್ಪತ್ರೆಗಳುಂಟು. ಅರ್ಬುದಗಳಿಗಾಗಿಯೇ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಸಹಾಯವುಂಟು. ಖರ್ಚಿಗೆ ಅಂಜಿ ಮೊದಲ ಪರೀಕ್ಷೆಯನ್ನೇ ಮುಂದೂಡುವುದು ಜಾಣತನವಲ್ಲ.

ಸೌಮ್ಯವೆಂದ ಮಾತ್ರಕ್ಕೆ ನಿರಪಾಯವೆಂದೂ ತಿಳಿಯಬಾರದು. ಗುಳ್ಳೆಯ ಭಾರಕ್ಕೆ ಅಂಡಾಶಯವು ತನ್ನ ತೊಟ್ಟಿನ ಮೇಲೆಯೇ ತಿರುಚಿಕೊಂಡರೆ ರಕ್ತವು ನಿಂತುಹೋಗುತ್ತದೆ. ಇದ್ದಕ್ಕಿದ್ದಂತೆ ಒಂದು ಪಕ್ಕದ ಕೆಳಹೊಟ್ಟೆಯಲ್ಲಿ ತಡೆಯಲಾಗದ ನೋವು, ವಾಂತಿ, ತಲೆಸುತ್ತು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುಟ್ಟು ತಪ್ಪಿದವಳಿಗೆ ಇಂತಹ ನೋವು ಬಂದರೆ ಗರ್ಭನಾಳದ ಬಸಿರೂ ಇರಬಹುದಾದುದರಿಂದ ಇನ್ನೂ ಅವಸರ.

ಚರಕಸಂಹಿತೆಯಲ್ಲಿ ಸ್ತ್ರೀಯರಿಗೆ ಮಾತ್ರವೇ ಬರುವ ರಕ್ತಗುಲ್ಮವೆಂಬ ವ್ಯಾಧಿಯನ್ನು ಹೇಳಿದೆ. ಅದರ ಲಕ್ಷಣಗಳು ಬಸಿರಿನ ಲಕ್ಷಣಗಳನ್ನೇ ಹೋಲುವುವು. ಹತ್ತು ತಿಂಗಳು ಕಳೆದ ಮೇಲೆಯೇ ಅದಕ್ಕೆ ಚಿಕಿತ್ಸೆ ಮಾಡಬೇಕೆಂದು ಆಚಾರ್ಯನು ವಿಧಿಸಿದನು. ಯಂತ್ರವಿಲ್ಲದ ಕಾಲದಲ್ಲಿ ಕಾಲವೇ ಅವನ ಯಂತ್ರವಾಗಿತ್ತು. ಇಂದು ಆ ಹತ್ತು ತಿಂಗಳು ಬೇಕಿಲ್ಲ, ಯಾರೂ ಹಾಗೆ ಕಾಯಲೂಬಾರದು. ಆದರೆ ರೋಗವನ್ನು ಮೊದಲು ಪರೀಕ್ಷಿಸು, ಔಷಧವನ್ನು ಆಮೇಲೆ ಯೋಚಿಸು ಎಂಬ ಅವನ ಧರ್ಮವು ಹಳತಾಗಿಲ್ಲ. ಆ ಗ್ರಂಥವು ನಮ್ಮ ಬೀರುವಿನಲ್ಲಿಯೇ ಇತ್ತು. ಓಮವನ್ನು ಕುದಿಸುವಾಗ ನಾವು ಅದನ್ನು ನೆನೆಯಲಿಲ್ಲ.

ಸ್ನೇಹಿತರ ಸೊಸೆಯನ್ನು ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯೆಯು ವರದಿಯನ್ನು ನೋಡಿ, ಹುಡುಗಿಯನ್ನು ಪರೀಕ್ಷಿಸಿ, “ಇದಕ್ಕೆ ಕತ್ತಿಯೂ ಬೇಡ, ಮಾತ್ರೆಯೂ ಬೇಡ, ಮನೆಯವರ ಸಮಾಧಾನಕ್ಕಾಗಿ ಎಂಟು ವಾರ ಬಿಟ್ಟು, ಮುಟ್ಟು ಮುಗಿದ ವಾರದಲ್ಲಿ ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿಸಿ” ಎಂದರು. ಎರಡನೆಯ ಸಲ ನೋಡಿದಾಗ ಗುಳ್ಳೆಯಿರಲಿಲ್ಲ. ಸ್ನೇಹಿತರು ಆ ಹಾಳೆಯನ್ನು ಹಿಡಿದು ಅದೇ ಜಗಲಿಗೆ ಬಂದರು. ಆ ದಿನ ಕಾಫಿ ಆರಲಿಲ್ಲ.

ನಮ್ಮ ಅಕ್ಕ ಕೊನೆಯ ದಿನಗಳಲ್ಲಿ ಒಮ್ಮೆ, “ತಮ್ಮಾ, ನಾನು ಹೇಳಿದೆ, ನೀನು ಮದ್ದು ಕೊಟ್ಟೆ. ನಡುವೆ ಇನ್ನೊಂದು ಮಾತು ಕೇಳಬಹುದಾಗಿತ್ತು” ಎಂದಳು. ಅವಳ ಧ್ವನಿಯಲ್ಲಿ ಆಕ್ಷೇಪವಿರಲಿಲ್ಲ. ಮನೆಯ ಯಜಮಾನರಾದವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಈ ಸಂಚಿಕೆಯನ್ನು ಮಡಿಸಿಡುವ ಮುನ್ನ, ಐವತ್ತು ದಾಟಿದ ತಾಯಿಯನ್ನೋ ಅಕ್ಕನನ್ನೋ ಮನೆಯಾಕೆಯನ್ನೋ ಕರೆದು, ಈಚೆಗೆ ಊಟ ಸೇರುತ್ತಿದೆಯೆ, ಹೊಟ್ಟೆ ಉಬ್ಬರಿಸುತ್ತಿದೆಯೆ ಎಂದು ಕೇಳಿ. ಉತ್ತರ ಬಂದ ಮೇಲೆ ಇನ್ನೊಂದು ಮಾತನ್ನೂ ಕೇಳಿ.